ಗದ್ದೆಗೆ ಯೂರಿಯಾ ಬಿಟ್ಟು ಬರೀ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದವರು ಇದೀರಾ? ಅನುಭವ ಹೇಳಿ

ಹೊಸನಗರ_ಗದ್ದೆ: ನಮ್ದು 2 ಎಕರೆ, ಒಂದು ಮಕ್ಕಿ (ಎತ್ತರದ ಗದ್ದೆ), ಒಂದು ಬೈಲು (ತಗ್ಗಿನ ಗದ್ದೆ). ಅಪ್ಪಯ್ಯ ಇರೋ ತನಕ ಗೊಬ್ಬರದ ಜೊತೆ ಎಕರೆಗೆ ಒಂದೂವರೆ ಚೀಲ ಯೂರಿಯಾ ಹಾಕ್ತಿದ್ರು. ಈಗ ನಾನು ನೋಡ್ಕೊಳ್ತಿದೀನಿ, ದನ 3 ಇದಾವೆ. ಈ ಮಳೆಗಾಲ ಯೂರಿಯಾ ಪೂರ್ತಿ ಬಿಡ್ಬಹುದಾ? ಮಕ್ಕಿಗೂ ಬೈಲಿಗೂ ಬೇರೆ ಲೆಕ್ಕ ಬೇಕಾ?

ಆರಗ_ಬೈಲು: ಒಂದೇ ಸಲ ಬಿಟ್ಟು ಕೈ ಸುಟ್ಕೊಂಡವನು ನಾನು. ನಮ್ಮನೆ ಗೊಬ್ಬರ ಅಡಿಕೆ ತೋಟಕ್ಕೇ ಸಾಲಲ್ಲ, ಅದ್ಕೆ ಬಯಲುಸೀಮೆ ಕಡೆಯಿಂದ ತರಿಸಿದೆ, ಲೋಡಿಗೆ 6,500 ರಂತೆ 3 ಲೋಡು 19,500, ಗದ್ದೆ ತನಕ ಗಾಡಿ ಹೋಗಲ್ಲ ಅಂತ ಹೊತ್ತು ಹರಡೋಕೆ 8 ಆಳು 4,000, ಒಟ್ಟು 23,500 ಒಂದೂಮುಕ್ಕಾಲು ಎಕರೆಗೆ. ಬಂದಿದ್ದು ಅರೆಬರೆ ಕೊಳೆತ ಗೊಬ್ಬರ, ಅರ್ಧ ಹುಲ್ಲೇ. ನಟ್ಟಿ ಆಗಿ 20 ದಿನಕ್ಕೆ ಗದ್ದೆ ಪೂರ್ತಿ ಹಳದಿ. ಹುಲ್ಲು ಕೊಳೆಯೋಕೆ ಮಣ್ಣಲ್ಲಿದ್ದ ಸಾರಜನಕವನ್ನೇ ಎಳ್ಕೊಳ್ತದೆ ಅಂತ ಆಮೇಲೆ ಗೊತ್ತಾಯ್ತು. ಎಕರೆಗೆ 19 ಕ್ವಿಂಟಾಲ್ ಬರ್ತಿದ್ದ ಗದ್ದೆ 11ಕ್ಕೆ ಇಳೀತು. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡ್ಲಿಲ್ಲ.

ತುಂಗಾ_ದಡ: ಯೂರಿಯಾ ಸುರಿದು ಹಾಳಾದವನ ಕಥೆನೂ ಕೇಳಿ. ಪೈರು ಚೆನ್ನಾಗಿ ಬರ್ಲಿ ಅಂತ ಎಕರೆಗೆ 2 ಚೀಲ ಹಾಕಿದೆ, ಕಪ್ಪು ಹಸಿರಾಗಿ ಎದ್ದು ನಿಂತಿತ್ತು, ದಾರೀಲಿ ಹೋಗೋರು ನಿಂತು ನೋಡ್ತಿದ್ರು. ಆಗಸ್ಟಲ್ಲಿ 9 ದಿನ ಬಿಸಿಲೇ ಇಲ್ಲ, ಎಲೆ ಸುಟ್ಟ ಹಾಗಾಗೋ ಬೆಂಕಿ ರೋಗ ಹತ್ತಿತು. ಎರಡು ಸಲ ಔಷಧಿ, ಒಂದೊಂದು ಸಲಕ್ಕೂ 1,400, ಹೊಡೆದ ಸಂಜೆನೇ ಮಳೆ. ಉಳಿದಿದ್ದು ತೆನೆ ಬಂದಾಗ ಮಲಗಿಬಿಡ್ತು, ನೀರಲ್ಲಿ ಬಿದ್ದ ತೆನೆಯಲ್ಲೇ ಮೊಳಕೆ. ಅರ್ಧ ಜೊಳ್ಳು. ಅವತ್ತಿಂದ ಯೂರಿಯಾ ಚೀಲ ಮನೆಗೆ ತಂದಿಲ್ಲ.

ಸೊರಬ_ಹಕ್ಲು: ಇಬ್ರದೂ ತಪ್ಪು ಹಾಕಿದ ರೀತಿಲಿ. ನಾನು 6 ವರ್ಷದಿಂದ ಡಯಾಂಚ (ಹಸಿರೆಲೆ ಗೊಬ್ಬರದ ಗಿಡ) ಬಿತ್ತಿ ಮಣ್ಣಿಗೆ ಮಗುಚ್ತೀನಿ, ಎಕರೆಗೆ 12 ಕೆಜಿ ಬೀಜ, 45 ದಿನಕ್ಕೆ ಹೂವಿಗೆ ಮುಂಚೆ ಉಳುಮೆ. ಮೇಲಿಂದ ಒಂದೇ ಚೀಲ ಯೂರಿಯಾ, ನಟ್ಟಿಗೆ, ತೆಂಡೆ (ಬುಡದ ಮರಿಪೈರು) ಒಡೆಯುವಾಗ, ತೆನೆ ಕಟ್ಟುವಾಗ ಮೂರು ಪಾಲು. ನೀರು ಇಳಿಸಿ ಹಾಕಿ ಮತ್ತೆ ಕಟ್ಟಬೇಕು, ಅಂಚು ಮೇಲೆ ನೀರು ಹರಿಯೋವಾಗ ಎರಚಿದ್ರೆ ದುಡ್ಡು ಹಳ್ಳಕ್ಕೆ. ಲೆಕ್ಕ ನೋಡಿ, 45 ಕೆಜಿ ಚೀಲ 266 ರೂಪಾಯಿ 50 ಪೈಸೆ, 46% ಅಂದ್ರೆ 20 ಕೆಜಿ ಚಿಲ್ಲರೆ ಸಾರಜನಕ. ಅಷ್ಟೇ ಸಾರಜನಕಕ್ಕೆ ಕೊಟ್ಟಿಗೆ ಗೊಬ್ಬರ 4 ಟನ್ ಬೇಕು, ಅದ್ರಲ್ಲೂ ಮೊದಲ ವರ್ಷ ಪೈರಿಗೆ ಸಿಗೋದು ಒಂದು ಪಾಲು ಮಾತ್ರ. ಮೂರು ದನದಲ್ಲಿ ಆಗೋ ಮಾತಲ್ಲ.

ತುಂಗಾ_ದಡ: ಗೊಬ್ಬರನ ಬರೀ ಸಾರಜನಕದ ತಕ್ಕಡಿಲಿ ತೂಗ್ಬೇಡಿ. ಮಣ್ಣು ಮೆತ್ತಗಾಗೋದು, ಎರೆಹುಳ ವಾಪಸ್ ಬರೋದು ನಿಮ್ಮ ಲೆಕ್ಕದಲ್ಲಿ ಎಲ್ಲಿದೆ?

ಸೊರಬ_ಹಕ್ಲು: ಎರೆಹುಳ ನನ್ನ ಗದ್ದೆಲೂ ಇದೆ, ಬಂದು ನೋಡಿ. 2 ಚೀಲ ಸುರಿದವರು ನೀವು, ಬೈಗುಳ ಯೂರಿಯಾಕ್ಕೆ ಯಾಕೆ?

ಮಂಡಗದ್ದೆ_ಅಕ್ಕ: ಗೊಬ್ಬರ ಗೊಬ್ಬರ ಅಂತೀರಲ್ಲ ಅಣ್ಣಂದಿರಾ, ಬೆಟ್ಟದಿಂದ ಸೊಪ್ಪು, ದರಗು (ಒಣ ಎಲೆ) ಹೊತ್ತು ಕೊಟ್ಟಿಗೆಗೆ ಹಾಕೋದು ಯಾರು? ಮದುವೆಯಾಗಿ 22 ವರ್ಷ ಹೊತ್ತೆ, ಉಂಬಳ (ಜಿಗಣೆ) ಕಚ್ಚಿಸ್ಕೊಂಡು. ಈಗ ಮಂಡಿ ನೋವು, ಆಸ್ಪತ್ರೆಗೇ 40 ಸಾವಿರ ಹೋಯ್ತು. ಯಾರ ಖರ್ಚಿನ ಪಟ್ಟೀಲೂ ಇದು ಬರಲ್ಲ. ಹೊಸನಗರದ ತಮ್ಮ, ಯೂರಿಯಾ ಬಿಡೋ ಮುಂಚೆ ಸೊಪ್ಪು ಯಾರು ತರ್ತಾರೆ ಅಂತ ಮನೆಯಲ್ಲಿ ಕೇಳು.

ಶಿಕಾರಿಪುರ_ಚಾನೆಲ್: ಯೂರಿಯಾ ಬೇಕು ಅಂದ್ರೂ ಎಲ್ಲಿ ಸಿಗ್ತದೆ? ಹೋದ ವರ್ಷ ಬೆಳಗ್ಗೆ 5ಕ್ಕೆ ಕ್ಯೂ ನಿಂತು 2 ಚೀಲ ಕೇಳಿದ್ರೆ, ಒಂದು ನ್ಯಾನೋ ಯೂರಿಯಾ (ಎಲೆಗೆ ಹೊಡೆಯೋ ದ್ರವ) ಬಾಟ್ಲಿ ತಗೊಂಡ್ರೆ ಮಾತ್ರ ಕೊಡ್ತೀನಿ ಅಂದ ಅಂಗಡಿಯವನು. ಅರ್ಧ ಲೀಟರು, ಸಾರಜನಕ ಬರೀ ಗ್ರಾಂ ಲೆಕ್ಕದಲ್ಲಿ. ಚೀಲದಲ್ಲಿ 20 ಕೆಜಿ! ಎರಡೂ ಒಂದೇ ಅಂತ ಯಾವ ಬಾಯಲ್ಲಿ ಹೇಳ್ತಾರೆ?

ಸೊರಬ_ಹಕ್ಲು: ಎಲೆ ಮೇಲೆ ಹೊಡೆಯೋದಕ್ಕೂ ಮಣ್ಣಿಗೆ ಹಾಕೋದಕ್ಕೂ ವ್ಯತ್ಯಾಸ ಇದೆ, ನಾನು ಹೊಡೆದು ನೋಡಿದೀನಿ, ಹಸಿರು ಬಂತು.

ಶಿಕಾರಿಪುರ_ಚಾನೆಲ್: ನಿಮ್ಗೆ ಡಯಾಂಚದಿಂದ ಬಂದ ಹಸಿರು ಅದು. ನಂಗೆ ಏನೂ ಬರ್ಲಿಲ್ಲ, ಸ್ಪ್ರೇ ಆಳಿಗೆ 600 ಬೇರೆ.

ಅಳಿಯ_ಧಾರವಾಡ: ನಮ್ಮ ಮಾವನೋರು ಗೋಧಿಗೆ ಗೊಬ್ಬರ ಜಾಸ್ತಿ, ಯೂರಿಯಾ ಎರಡೇ ಕಂತು, ಚಲೋ ಬರ್ತದ.

ಆರಗ_ಬೈಲು: ಗೋಧಿ ಹೊಲದಲ್ಲಿ ನೀರು ನಿಲ್ಲಲ್ಲ ಮಾರಾಯ್ರೆ. ನಮ್ದು ಮೂರು ತಿಂಗಳು ಕೆಸರು, ಅಲ್ಲಿನ ಲೆಕ್ಕ ಇಲ್ಲಿಗೆ ತರ್ಬೇಡಿ. ಮಕ್ಕಿಯ ಸಾರ ಎಲ್ಲ ಬೈಲಿಗೆ ಇಳೀತದೆ, ಅದ್ಕೇ ಈಗ ನಾನು ಬೈಲಿಗೆ ಅರ್ಧ ಚೀಲ ಮಾತ್ರ ಹಾಕೋದು.

ತುಂಗಾ_ದಡ: ಗೊಬ್ಬರ ತೋಟಕ್ಕೆ ಹಾಕಿ ಗದ್ದೆಗೆ ದುಡ್ಡು ಕೊಟ್ಟು ತಂದ್ರಿ, ನಷ್ಟ ಆಯ್ತು ಅಂತೀರಿ. ಅನ್ನ ಕೊಡೋ ಗದ್ದೆ ಕೊನೆಗಾ?

ಆರಗ_ಬೈಲು: ಮಗಳ ಫೀಸು ಕಟ್ಟಿದ್ದು ಅಡಿಕೆ, ಭತ್ತ ಅಲ್ಲ. ಆ ತೋಟಕ್ಕೂ ಈಗ ಎಲೆಚುಕ್ಕಿ ರೋಗ ಬಿದ್ದಿದೆ, ಕೆಳಗಿನ ಗರಿ ಪೂರ್ತಿ ಒಣಗ್ತಿದಾವೆ.

ಮಂಡಗದ್ದೆ_ಅಕ್ಕ: ನಿಮ್ಮಲ್ಲೂ ಬಂತಾ? ನಮ್ದು 300 ಮರ ಹಿಡಿದಿದೆ. ನೀವು ಎಷ್ಟು ಸಲ ಔಷಧಿ ಹೊಡೆಸಿದ್ರಿ, ಮರ ಹತ್ತೋರಿಗೆ ಎಷ್ಟು ಕೊಟ್ರಿ?