ಜಾಮೀನಾದ ವಿಷಯ ನಮಗೆ ಹಾಲಿನ ಡೈರಿಯಲ್ಲಿ ಗೊತ್ತಾಯ್ತು. ತಿಳಿಸಬೇಕಾದವರು ಯಾರು?

ಹೊಲಿಗೆ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುತ್ತೇನೆ. ಅಮ್ಮ, ತಮ್ಮ ಊರಲ್ಲಿದ್ದಾರೆ. ನಾವು ಪರಿಶಿಷ್ಟ ಜಾತಿಯವರು. ಮೂರು ತಿಂಗಳ ಹಿಂದೆ ಊರಿನ ಇಬ್ಬರು ತಮ್ಮನನ್ನು ಜಾತಿ ಹಿಡಿದು ಬೈದು ದೊಣ್ಣೆಯಲ್ಲಿ ಹೊಡೆದರು. ಎಡಗೈ ಮೂಳೆ ಮುರಿಯಿತು. ಅಟ್ರಾಸಿಟಿ ಕೇಸ್ (ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ) ಆಯ್ತು, ಇಬ್ಬರನ್ನೂ ಜೈಲಿಗೆ ಕಳಿಸಿದರು.

ಹೋದ ವಾರ ಅಮ್ಮ ಬೆಳಿಗ್ಗೆ ಆರಕ್ಕೆ ಡೈರಿಗೆ ಹಾಲು ಹಾಕೋಕೆ ಹೋಗಿದ್ದಾರೆ. ಸಾಲಿನಲ್ಲಿ ಮುಂದೆ ನಿಂತಿದ್ದವನು ತಿರುಗಿ ನೋಡಿದ. ಅವನೇ, ಮೊದಲನೇ ಆರೋಪಿ. ಅಮ್ಮ ಹಾಲು ಹಾಕದೆ ಕ್ಯಾನು ಹೊತ್ತುಕೊಂಡು ವಾಪಸ್ ಬಂದರು. ಜಾಮೀನಾಗಿ ಆಗಲೇ ನಾಲ್ಕು ದಿನ ಆಗಿತ್ತಂತೆ. ನಮಗೆ ಒಂದು ಫೋನ್ ಇಲ್ಲ, ಒಂದು ಚೀಟಿ ಇಲ್ಲ.

ಠಾಣೆಗೆ ಫೋನ್ ಮಾಡಿದರೆ ‘ಕೋರ್ಟಿನ ವಿಷಯ ಪಿಪಿ ಸಾಹೇಬರನ್ನ ಕೇಳಮ್ಮ’ ಅಂದರು. ಪಿಪಿ ಅಂದರೆ ಸರ್ಕಾರಿ ವಕೀಲರು. ಪಿಪಿ ಆಫೀಸಿನಲ್ಲಿ ‘ಪಿರ್ಯಾದಿಗೆ ಹೇಳೋದು ಪೊಲೀಸರ ಕೆಲಸ’ ಅಂದರು. ನಮ್ಮ ಪರವಾಗಿ ವಾದ ಮಾಡೋರು ಪಿಪಿ ತಾನೇ? ಅವರು ನಮಗೆ ಹೇಳಬೇಕು ಅಂತ ಕಾನೂನು ಇದೆಯಾ, ಇಲ್ವಾ? ಆಗಿಹೋದ ಜಾಮೀನಿಗೆ ಈಗ ಏನಾದರೂ ಮಾಡಬಹುದಾ?

ಕಪ್ಪು ಕೋಟು:

ತಂಗಿ, ಕಾನೂನು ಇದೆ. ಅಟ್ರಾಸಿಟಿ ಕಾಯ್ದೆಗೆ 2016ರ ಜನವರಿ 26ರಿಂದ 15ಎ ಅಂತ ಒಂದು ಕಲಂ ಸೇರಿದೆ. ಅದರ ಮೂರನೇ ಉಪಕಲಂ ಓದಿ. ಜಾಮೀನೂ ಸೇರಿದಂತೆ ಕೋರ್ಟಿನಲ್ಲಿ ಏನೇ ನಡೆದರೂ ನೊಂದವರಿಗೆ ಸರಿಯಾಗಿ, ಸಕಾಲಕ್ಕೆ ನೋಟಿಸ್ ಸಿಗಬೇಕು. ತಿಳಿಸಬೇಕಾದವರು ವಿಶೇಷ ಸರ್ಕಾರಿ ವಕೀಲರು ಇಲ್ಲವೇ ರಾಜ್ಯ ಸರ್ಕಾರ. ಐದನೇ ಉಪಕಲಂ ಪ್ರಕಾರ ಜಾಮೀನಿನ ವಿಚಾರಣೆಯಲ್ಲಿ ನಿಮ್ಮ ಮಾತನ್ನೂ ಕೇಳಬೇಕು. ಅದಕ್ಕೇ ಆ ನೋಟಿಸ್‌ಗೆ ಅಷ್ಟು ಬೆಲೆ. ತಾರೀಕೇ ಗೊತ್ತಿಲ್ಲದಿದ್ದರೆ ಮಾತಾಡೋದು ಹೇಗೆ?

2021ರಲ್ಲಿ ಸುಪ್ರೀಂ ಕೋರ್ಟ್ ಹರಿರಾಮ್ ಭಂಭಿ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ರಾಜಸ್ಥಾನದ ಕೊಲೆ ಕೇಸು ಅದು. ಸತ್ತವರ ಮನೆಯವರಿಗೆ ನೋಟಿಸ್ ಕೊಡದೆ ಹೈಕೋರ್ಟ್ ಜಾಮೀನು ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಆ ಜಾಮೀನನ್ನೇ ರದ್ದು ಮಾಡಿತು. ಜಾಮೀನು ರದ್ದು ಮಾಡಿ ಅಂತ ಆಮೇಲೆ ಹಾಕಿದ ಅರ್ಜಿಯಲ್ಲಿ ಅವರ ಮಾತು ಕೇಳಿದೆವಲ್ಲ ಅಂದರೆ ಸಾಲದು, ಮೊದಲೇ ಕೇಳಬೇಕಿತ್ತು ಅಂತ ಹೇಳಿತು.

ನೀವು ಮೊದಲು ಮಾಡಬೇಕಾದ ಕೆಲಸ: ನಕಲು ಅರ್ಜಿ ಹಾಕಿ. ಜಾಮೀನು ಆದೇಶ, ಆರ್ಡರ್ ಶೀಟ್ (ಕೋರ್ಟಿನಲ್ಲಿ ದಿನದಿನ ನಡೆದದ್ದರ ದಾಖಲೆ) ಎರಡರ ಪ್ರತಿಯನ್ನೂ ತೆಗೆದುಕೊಳ್ಳಿ. ನೋಟಿಸ್ ವಿಚಾರ ಅಲ್ಲಿ ಏನು ಬರೆದಿದ್ದಾರೆ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿದೆ. ಜಾಮೀನು ಕೊಟ್ಟಿದ್ದರ ವಿರುದ್ಧ 14ಎ ಕಲಂ ಅಡಿ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. 90 ದಿನದ ಗಡುವು ಇದೆ, ಹಾಗಾಗಿ ತಡ ಮಾಡಬೇಡಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ.

ಮೂಲೆಮನೆ:

ನಮ್ಮದು ಸಾಮಾನ್ಯ ಹೊಡೆದಾಟದ ಕೇಸು, ಅಟ್ರಾಸಿಟಿ ಅಲ್ಲ. ನಮಗೆ ಇಷ್ಟು ಗಟ್ಟಿ ಕಲಂ ಇಲ್ಲ. 2024ರ ಜುಲೈಯಿಂದ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನಾದ ಬಿಎನ್‌ಎಸ್‌ಎಸ್ 193ನೇ ಕಲಂನಲ್ಲಿ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ತಿಳಿಸಬೇಕು ಅಂತಿದೆ. ಆದರೆ ಅದು ತನಿಖೆಯ ವಿಷಯ, ಪ್ರತಿ ವಾಯಿದೆಯ (ವಿಚಾರಣೆ ತಾರೀಕಿನ) ವಿಷಯ ಅಲ್ಲ. ನಾನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿಕೊಳ್ಳುತ್ತೇನೆ. ಕೇಸಿಗೆ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಇರುತ್ತೆ. ಅದು ಗೊತ್ತಿಲ್ಲದಿದ್ದರೆ ಎಫ್‌ಐಆರ್ ನಂಬರ್ ಹಾಕಿದರೂ ಸಿಗುತ್ತೆ. ಅಕ್ಕ, ಜಾಮೀನು ಅರ್ಜಿಗೆ ಬೇರೆ ನಂಬರ್ ಇರುತ್ತೆ, ಅದನ್ನೂ ಹುಡುಕಿ.

ಹಳೇ ಪಿಪಿ:

ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ವಕೀಲನಾಗಿ ನಿವೃತ್ತನಾದವನು ನಾನು. ನಿಮ್ಮ ಅಮ್ಮ ಹಾಲು ವಾಪಸ್ ತಂದದ್ದು ಓದಿ ಸಂಕಟವಾಯಿತು. ನಮ್ಮ ಕಡೆ ಇದು ಹೇಗೆ ತಪ್ಪುತ್ತದೆ ಅಂತ ಹೇಳುತ್ತೇನೆ. ಜಾಮೀನು ಅರ್ಜಿ ಬಂದಾಗ ಪಿಪಿ ತನಿಖಾಧಿಕಾರಿಗೆ ಹೇಳುತ್ತಾರೆ. ಅವರು ಕೋರ್ಟ್ ಡ್ಯೂಟಿ ಕಾನ್‌ಸ್ಟೇಬಲ್‌ಗೆ ಹೇಳುತ್ತಾರೆ. ಅವರು ದೂರಿನಲ್ಲಿರುವ ನಂಬರಿಗೆ ಫೋನ್ ಮಾಡುತ್ತಾರೆ. ಎತ್ತದಿದ್ದರೆ ಅಲ್ಲಿಗೇ ನಿಂತುಹೋಗುತ್ತೆ. ಪೊಲೀಸರ ಕೈಯಲ್ಲಿ ಹೇಳಿಸಿದರೂ ಹೊಣೆ ಮಾತ್ರ ಪಿಪಿಯದ್ದೇ. ನೊಂದವರಿಗೆ ವಿಷಯ ಮುಟ್ಟಿದೆಯಾ ಅಂತ ವಾದಕ್ಕೆ ಎದ್ದು ನಿಲ್ಲುವ ಮುಂಚೆ ಅವರೇ ಖಾತ್ರಿ ಮಾಡಿಕೊಳ್ಳಬೇಕು. ನಾನು ಫೈಲಿನ ಹೊರಗಡೆಯೇ ಕೆಂಪು ಪೆನ್ನಿನಲ್ಲಿ ನೊಂದವರ ನಂಬರ್ ಬರೆದಿಡುತ್ತಿದ್ದೆ.

ಈಗ ಪಿಪಿ ಆಫೀಸಿಗೆ ಒಂದು ಕಾಗದ ಕೊಡಿ. ಕೇಸ್ ನಂಬರ್, ಮನೆ ವಿಳಾಸ, ಇಬ್ಬರ ಫೋನ್ ನಂಬರ್ ಬರೆಯಿರಿ. ‘15ಎ(3)ರಂತೆ ಪ್ರತಿ ವಾಯಿದೆಗೂ ತಿಳಿಸಿ’ ಅಂತ ಒಂದು ಸಾಲು ಸಾಕು. ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಆರೋಪಿ ಅದೇ ಊರಲ್ಲಿ ಓಡಾಡುತ್ತಿರುವುದರಿಂದ ರಕ್ಷಣೆ ಬೇಕು ಅಂತ ಕೋರ್ಟಿಗೂ ಅರ್ಜಿ ಹಾಕಿ. ಅದೂ 15ಎ ಕಲಂನಲ್ಲೇ ಇದೆ.

ಹೊಲಿಗೆ ಅಕ್ಕ:

ಎರಡು ದಿನ ರಜೆ ಹಾಕಿ ಹೋಗಿ ಬಂದೆ. ನಕಲು ಸಿಕ್ತು. ಹಳೇ ಪಿಪಿ ಸಾರ್ ಹೇಳಿದ ಹಾಗೇ ಆಗಿದೆ. ‘ಪಿರ್ಯಾದಿಗೆ ಕರೆ ಮಾಡಲಾಗಿ, ಮೊಬೈಲ್ ಸ್ವಿಚ್ ಆಫ್ ಇರುತ್ತದೆ’ ಅಂತ ಠಾಣೆಯಿಂದ ವರದಿ ಕೊಟ್ಟಿದ್ದಾರೆ. ಅದು ತಮ್ಮನ ನಂಬರ್. ಆ ಫೋನನ್ನು ಹೊಡೆದಾಟದ ದಿನ ಆರೋಪಿಗಳೇ ಒಡೆದು ಹಾಕಿದ್ದು. ಪಂಚನಾಮೆ ಮಾಡಿ ಪೊಲೀಸರೇ ಜಪ್ತಿ ಮಾಡಿದ್ದಾರೆ. ಠಾಣೆಯಲ್ಲೇ ಇರುವ ಫೋನಿಗೆ ಠಾಣೆಯಿಂದಲೇ ಕರೆ ಮಾಡಿದ್ದಾರೆ. ಓದಿ ಕೈಕಾಲು ನಡುಗಿತು. ಮನೆ ಠಾಣೆಯಿಂದ ಆರು ಕಿಲೋಮೀಟರ್ ಅಷ್ಟೇ, ಒಬ್ಬರು ಬಂದು ಹೇಳಿದ್ದರೆ ಆಗ್ತಿತ್ತಲ್ವಾ?

ಪ್ರಾಧಿಕಾರದಿಂದ ಒಬ್ಬರು ಲಾಯರ್ ಮೇಡಂ ಸಿಕ್ಕಿದ್ದಾರೆ. ಮೇಲ್ಮನವಿಗೆ ಕಾಗದ ರೆಡಿ ಮಾಡ್ತಿದ್ದಾರೆ. ಪಿಪಿ ಆಫೀಸಿಗೂ ಕಾಗದ ಕೊಟ್ಟು ಸೀಲು ಹಾಕಿಸಿಕೊಂಡೆ, ನನ್ನ ನಂಬರ್, ಪಕ್ಕದ ಮನೆಯವರ ನಂಬರ್ ಎರಡೂ ಬರೆದಿದ್ದೇನೆ. ಇನ್ನೊಂದು ಮಾತು ಕೇಳಬೇಕು. ಅಮ್ಮ ತಾವೂ ಕೋರ್ಟಿಗೆ ಬರ್ತೀನಿ ಅಂತಾರೆ. ಏಟು ತಿಂದಿದ್ದು ತಮ್ಮ, ಅಮ್ಮನನ್ನು ಒಳಗೆ ಬಿಡ್ತಾರಾ?

ಕಪ್ಪು ಕೋಟು:

ಬರಲಿ. ಆ ಕಾಯ್ದೆಯಲ್ಲಿ ನೊಂದವರು ಅಂದರೆ ಮನೆಯವರೂ ಸೇರುತ್ತಾರೆ. ಬಸ್ ಟಿಕೆಟ್ ಬಿಸಾಡಬೇಡಿ, ವಿಚಾರಣೆಗೆ ಬಂದು ಹೋಗುವ ಖರ್ಚು ಕೊಡಬೇಕು ಅಂತಲೂ ಇದೆ. ವರದಿಯ ಆ ಸಾಲು, ಜಪ್ತಿ ಪಂಚನಾಮೆ ಎರಡನ್ನೂ ಜೊತೆಗಿಟ್ಟು ಮೇಡಂಗೆ ಕೊಡಿ.