ಮೋರಿ, ನಹಾಣಿ, ಓಟಾ: ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಅಕ್ಕನ ಹಳೇ ಫ್ಲ್ಯಾಟಿನ ರಿಪೇರಿ ಶುರುವಾಗಿದೆ. ಎರಡು ಕೋಣೆ, ಒಂದು ಅಡಿಗೆಮನೆ, ಒಂದು ಬಚ್ಚಲು, ಅಷ್ಟೇ. ಅಡಿಗೆಮನೆಯನ್ನು ಬಾಲ್ಕನಿ ಕಡೆ ಸರಿಸಿ, ಉಳಿದ ಜಾಗದಲ್ಲಿ ಬಚ್ಚಲು ದೊಡ್ಡದು ಮಾಡಬೇಕು ಅನ್ನೋದು ಅವಳ ಆಸೆ. ಕೆಲಸದ ಪಟ್ಟಿಯನ್ನು ಕನ್ನಡದಲ್ಲೇ ಬರೆದುಕೊಡೋ ಜವಾಬ್ದಾರಿ ನನ್ನದು. ಗೌಂಡಿ (ಗಾರೆ ಕೆಲಸದವ), ಪ್ಲಂಬರ್, ಕೆಳಗಿನ ಮನೆಯವರು, ಮೂವರೂ ಅದನ್ನು ಓದುತ್ತಾರೆ. ಹಾಗಾಗಿ ಪದ ಸರಿಯಾಗಿರಬೇಕು.

ಮೊದಲು ‘ಮೋರಿ’. ಗೌಂಡಿ ನಕ್ಷೆ ನೋಡಿ ಅಂದ: “ಅಕ್ಕಾರ, ಓಟಾ ಎಲ್ಲಿ ಬೇಕಲ್ಲಿ ಸರಸೂಣ್ರಿ. ಮೋರಿ ಮಾತ್ರ ಇದ್ದಲ್ಲೇ ಇರ್ಲಿ.” ಓಟಾ ಅಂದ್ರೆ ಅಡಿಗೆಮನೆಯ ಕಟ್ಟೆ. ಅಕ್ಕನ ಸೊಸೆ ಮೈಸೂರಿನವಳು. “ಅತ್ತೆ, ಮನೆ ಒಳಗೆ ಮೋರಿ ಇದೆಯಾ?” ಅಂತ ಗಾಬರಿಯಿಂದ ಕೇಳಿದಳು. ಅವರ ಕಡೆ ಮೋರಿ ಅಂದ್ರೆ ರಸ್ತೆ ಬದಿಯ ಚರಂಡಿ. ನಮಗೆ ಅದು ಗಟಾರ. ಬೆಳಗಾವಿಯ ಕೆಲಸಗಾರರ ಬಾಯಲ್ಲಿ ಮೋರಿ ಅನ್ನೋದು ಮರಾಠಿಯ ಅರ್ಥದಲ್ಲೇ ಇದೆ. ಮನೆ ಒಳಗೇ ಪಾತ್ರೆ, ಕೈಕಾಲು ತೊಳೆಯೋಕೆ ಮಾಡಿದ ಮೂಲೆ ಅದು. ಅಕ್ಕನ ಮನೆಯದು ಇನ್ನೂ ಹಾಗೇ ಇದೆ. ಸುತ್ತ ಗೇಣೆತ್ತರದ ದಂಡೆ, ಒಳಗೆ ಶಹಾಬಾದಿ ಫರ್ಸಿ (ಹಾಸುಗಲ್ಲು), ಕೊಡ ಇಟ್ಟು ಇಟ್ಟು ಸವೆದ ಒಂದು ಗುಂಡು ಗುರುತು, ಮೂಲೆಯಲ್ಲಿ ಜಾಳಿಗೆ, ಅಂದರೆ ನೀರು ಇಳಿಯೋ ತೂತಿನ ಮುಚ್ಚಳ. ಆ ಜಾಳಿಗೆ ಕಡೆಗೆ ನೀರು ತಾನಾಗಿ ಓಡುತ್ತದೆ. ಇಷ್ಟು ವರ್ಷವಾದರೂ ಒಂದು ಹನಿ ನಿಂತಿಲ್ಲ.

ನೀರು ಹಾಗೆ ಹರಿಯಲಿ ಅಂತ ಕೊಡೋ ಇಳಿತಕ್ಕೂ ಎರಡು ಹೆಸರು ಸಿಕ್ಕವು. ನಮ್ಮ ಗೌಂಡಿ ‘ಢಾಳ’ ಅಂತಾನೆ. ಸೊಸೆ ‘ವಾಟ’ ಅಂದಳು. ನನಗೆ ವಾಟ ತುಂಬಾ ಹಿಡಿಸಿತು. ಆದರೆ ಪಟ್ಟಿಯಲ್ಲಿ ‘ವಾಟ ಕೊಡಬೇಕು’ ಅಂತ ಬರೆದರೆ ಇಲ್ಲಿ ಯಾರಿಗೂ ತಿಳಿಯೋದಿಲ್ಲ. ಇಳಿಜಾರು ಅಂದ್ರೆ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಅದು ಗುಡ್ಡಕ್ಕೂ ಆಯಿತು, ರಸ್ತೆಗೂ ಆಯಿತು. ನೀರಿಗಾಗಿ ಬೇಕೆಂದೇ ಕೊಡೋ ಇಳಿತಕ್ಕೆ ಬೇರೆ ಪದ ಇದ್ದರೆ ಚೆನ್ನ, ಅಲ್ವಾ?

ಮೋರಿ, ಅದರ ಜೊತೆ ಬಚ್ಚಲೂ, ಇದ್ದಲ್ಲೇ ಇರಲಿ ಅಂತ ಗೌಂಡಿ ಅಂದದ್ದಕ್ಕೂ ಈ ಇಳಿತವೇ ಕಾರಣ. ಕಮೋಡಿನ 110 ಮಿ.ಮೀ. ಪೈಪಿಗೆ 40ಕ್ಕೆ 1ರಷ್ಟು ಇಳಿತ ಕೊಡೋದು ರೂಢಿ. ಅಂದರೆ ಪೈಪು 10 ಅಡಿ ಓಡಿದರೆ 3 ಇಂಚು ಕೆಳಗಿಳಿಯಬೇಕು. ಪೈಪಿನ ದಪ್ಪವೇ 4 ಇಂಚಿನ ಮೇಲಿದೆ. ಇದಕ್ಕೆಲ್ಲ ಜಾಗ ಸಿಗಲಿ ಅಂತ ಬಚ್ಚಲಿನ ಸ್ಲ್ಯಾಬನ್ನು ಉಳಿದ ಮನೆಗಿಂತ ಸಾಮಾನ್ಯವಾಗಿ 8ರಿಂದ 12 ಇಂಚು ತಗ್ಗಿಗೆ ಹಾಕಿರುತ್ತಾರೆ. ಆ ತಗ್ಗು ಬಿಟ್ಟು ಕಮೋಡನ್ನು ಈಚೆ ತಂದರೆ ನೆಲ ಎತ್ತರಿಸಿ ಮೆಟ್ಟಿಲು ಮಾಡಬೇಕು, ಇಲ್ಲಾಂದ್ರೆ ಕೆಳಗಿನವರ ಮಲಗೋ ಕೋಣೆಯ ಮಾಳಿಗೆಗೆ ಪೈಪು ನೇತುಹಾಕಬೇಕು. ಯಾರು ಒಪ್ಪುತ್ತಾರೆ? ಸಿಂಕಿನ ಕಥೆ ಬೇರೆ. ಅದರ ಪೈಪು ಸಣ್ಣದು. ಕಟ್ಟೆ ಕೆಳಗೆ, ಗೋಡೆಗುಂಟ ನೆಲದ ಮೇಲೇ ಹೋಗಬಹುದು. ಅದಕ್ಕೇ ಓಟಾ ಸರಿಯುತ್ತದೆ, ಬಚ್ಚಲು ಸರಿಯೋದಿಲ್ಲ. ಅಕ್ಕನಿಗೂ ಈಗ ಇದು ಒಪ್ಪಿಗೆಯಾಗಿದೆ.

ಈ ತಗ್ಗು ಸ್ಲ್ಯಾಬಿಗೆ ಎಲ್ಲರೂ ‘ಸಂಕನ್’ ಅಂತಾರೆ. ಅದಕ್ಕೆ ತುಂಬುವ ಇಟ್ಟಿಗೆ ಚೂರಿನ ಗಾರೆಗೆ ‘ಕೋಬಾ’. ಕೋಬಾ ಹಾಗೇ ಇರಲಿ, ಅದು ನಮ್ಮದೇ ಆಗಿಹೋಗಿದೆ. ಸಂಕನ್ ಬದಲು ನಾನು ‘ತಗ್ಗು ಸ್ಲ್ಯಾಬ್’ ಅಂತ ಬರೆದಿದ್ದೇನೆ. ಗೌಂಡಿ ಓದಿ ಹೂಂ ಅಂತ ತಲೆಯಾಡಿಸಿದ. ನಿಮಗೆ ಸರಿ ಕಾಣುತ್ತದಾ?

ಇನ್ನು ‘ನಹಾಣಿ ಟ್ರ್ಯಾಪ್’. ಬಚ್ಚಲಿನ ಜಾಳಿಗೆ ಕೆಳಗೆ ಕೂರೋ ಬಟ್ಟಲು ಇದು. ಅದರಲ್ಲಿ ಸುಮಾರು 2 ಇಂಚು ನೀರು ಸದಾ ನಿಂತಿರಬೇಕು. ಆ ನೀರೇ ಗಟಾರದ ವಾಸನೆಯನ್ನು ತಡೆಯೋದು. ಮನೆಗೆ ಬೀಗ ಹಾಕಿ ಬಹಳ ದಿನ ಊರಿಗೆ ಹೋದರೆ ನೀರು ಆರಿ, ವಾಸನೆ ಒಳಗೆ ಬರುತ್ತದೆ. ನಹಾಣಿ ಅನ್ನೋದು ಮರಾಠಿಯ ನ್ಹಾಣಿ, ಸ್ನಾನದ ಜಾಗ. ಕೊಂಕಣಿಯವರೂ ಬಚ್ಚಲಿಗೆ ಹಾಗೇ ಅಂತಾರೆ. ಅಂದಮೇಲೆ ‘ಬಚ್ಚಲ ಬಟ್ಟಲು’ ಅನ್ನಬಹುದಾ ಅಂತ ನನ್ನ ಆಲೋಚನೆ. ಅಂಗಡಿಯಲ್ಲಿ ಕೇಳೋವಾಗ ಮಾತ್ರ ನಹಾಣಿ ಅಂತಲೇ ಕೇಳಬೇಕು, ಇಲ್ಲಾಂದ್ರೆ ಸುಮ್ನೆ ತಿರುಗಾಟ.

ಬಚ್ಚಲು ಅನ್ನೋ ಪದವನ್ನು ಮಾತ್ರ ನಾನು ಬಿಡೋದಿಲ್ಲ. ನಕ್ಷೆಯಲ್ಲಿ ಬಾತ್‌ರೂಮ್ ಅಂತ ಬರೆದಿದ್ದನ್ನು ಹೊಡೆದುಹಾಕಿಸಿದೆ. ಬಾತ್‌ರೂಮ್ ಅಂದ್ರೆ ಒಂದು ಕೋಣೆ, ಎಲ್ಲಿ ಬೇಕಾದರೂ ಎತ್ತಿ ಇಡಬಹುದು ಅನ್ನಿಸುತ್ತದೆ. ಬಚ್ಚಲು ಅಂದ್ರೆ ನೀರು ಬೀಳುವ, ಹರಿದು ಹೋಗುವ ಜಾಗ ಅಂತ ಕೇಳಿದವರಿಗೆ ಕೂಡಲೇ ಹೊಳೆಯುತ್ತದೆ. ಜಳಕದ ಮನೆ ಅನ್ನೋದೂ ಚೆಂದವೇ, ಆದರೆ ಅದರಲ್ಲಿ ಈ ಹರಿವು ಇಲ್ಲ.

ಕೊನೆಗೆ ಓಟಾ. ಮರಾಠಿಯಲ್ಲಿ ಮನೆ ಮುಂದಿನ ಕಟ್ಟೆಯೂ ಓಟಾ, ಗ್ಯಾಸ್ ಇಡೋ ಕಟ್ಟೆಯೂ ಓಟಾ. ಕನ್ನಡದ ಕಟ್ಟೆಗೂ ಎರಡೂ ಅರ್ಥ ಇರೋದರಿಂದ ‘ಅಡಿಗೆ ಕಟ್ಟೆ’ ಅಂತ ಬರೆದು ಮುಗಿಸಿದೆ. ಕರೀ ಕಡಪಾ ಕಲ್ಲು ತೆಗೆದು ಇಳಕಲ್ ಗ್ರಾನೈಟ್ ಹಾಕಿಸುತ್ತಿದ್ದೇವೆ.

ಈಗ ನಿಮ್ಮಿಂದ ಬೇಕಾಗಿರೋದು ಇಷ್ಟು. ವಿಜಯಪುರ, ಇಂಡಿ, ಸಿಂದಗಿ ಕಡೆ ಮನೆ ಒಳಗಿನ ತೊಳೆಯೋ ಮೂಲೆಗೆ ಮೋರಿ ಅಂತಾರಾ, ಅದಕ್ಕೂ ಬಚ್ಚಲು ಅಂತಲೇ ಅಂತಾರಾ? ಢಾಳಕ್ಕೆ ನಿಮ್ಮೂರ ಗೌಂಡಿಗಳ ಬಾಯಲ್ಲಿ ಬೇರೆ ಪದ ಇದೆಯಾ? ಆಲಮಟ್ಟಿ ಹಿನ್ನೀರಿನಿಂದಾಗಿ ಹಳೇ ಬಾಗಲಕೋಟೆ ಬಿಟ್ಟು ನವನಗರದಲ್ಲಿ ಮನೆ ಕಟ್ಟಿಸಿದವರು ಈ ಬಳಗದಲ್ಲಿದ್ದರೆ, ಆಗ ಕೆಲಸದವರ ಜೊತೆ ಯಾವ ಪದ ಬಳಸಿದಿರಿ ಅಂತ ದಯವಿಟ್ಟು ತಿಳಿಸಿ. ಮುಂದಿನ ವಾರ ಪ್ಲಂಬರ್ ಬರೋದರೊಳಗೆ ಪಟ್ಟಿ ತಿದ್ದಬೇಕು.