ಆಗುಂಬೆ ಘಾಟಿ, ಮರವಂತೆ ದಾರಿಯ ವಿಡಿಯೋಗೆ ಯಾವ ಕ್ಯಾಮೆರಾ ತಗೊಳ್ಳಲಿ?

ಹೆಬ್ರಿ_ಮೊಮ್ಮಗಳು
ನಮಸ್ಕಾರ. ದಸರಾ ರಜೆಗೆ ಬೆಂಗಳೂರಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮೇಲೆ ಹೆಬ್ರಿಗೆ ಇಳಿದು, ಕುಂದಾಪುರ ದಾಟಿ ಮರವಂತೆ ತನಕ ಕಾರಲ್ಲಿ ಹೋಗ್ತಿದ್ದೀವಿ. ಅಣ್ಣ ಓಡಿಸ್ತಾನೆ, ನಾನು ಪಕ್ಕದ ಸೀಟು. ಅಮ್ಮ ಬರಲ್ಲ. ಅವರ ತವರು ಹೆಬ್ರಿ, ಆದ್ರೆ ಈಗ ಘಾಟಿ ಅಂದ್ರೆ ತಲೆಸುತ್ತು, ವಾಂತಿ. ಮಂಡಿನೋವು ಬೇರೆ. "ಆ ತಿರುವುಗಳನ್ನ ಟೀವೀಲಾದ್ರೂ ತೋರಿಸೇ" ಅಂದಿದ್ದಾರೆ.

ಹಾಗಾಗಿ ಇದು ರೀಲ್ಸಿಗಲ್ಲ. ಮನೆಯ 43 ಇಂಚಿನ ಟೀವೀಲಿ ಅಮ್ಮ ಆರಾಮಾಗಿ ಕೂತು ನೋಡ್ಬೇಕು. ವಿಡಿಯೋ ಕುಲುಕಿದ್ರೆ ಅವರಿಗೆ ಅದಕ್ಕೂ ತಲೆ ಸುತ್ತುತ್ತೆ. ಬಜೆಟ್ 35 ಸಾವಿರ, ಅಗತ್ಯ ಇದ್ರೆ ಇನ್ನೊಂದಿಷ್ಟು ಸೇರಿಸ್ತೀನಿ. ಅಂಗಡಿಯವರು ಗೋಪ್ರೋ ಅನ್ನೋ ಪುಟ್ಟ ಆಕ್ಷನ್ ಕ್ಯಾಮೆರಾ ಅಂತಾರೆ, ಅಣ್ಣ ಕಾರಿನ ಮುಂದಿನ ಗಾಜಿಗೆ ಅಂಟಿಸೋ ಡ್ಯಾಶ್‌ಕ್ಯಾಮ್ ಸಾಕು ಅಂತಾನೆ.

ರಾತ್ರಿಬಸ್ಸು
ಡ್ಯಾಶ್‌ಕ್ಯಾಮ್ ಬೇಡ. ಅಪಘಾತವಾದ್ರೆ ಸಾಕ್ಷಿಗೆ ಅಂತ ಮಾಡಿದ ಸಾಧನ ಅದು. ಮುಂದಿನ ಗಾಡಿ ನಂಬರ್ ಓದೋಕೆ ಸರಿ, ಕಾಡಿನ ಹಸಿರು ತೋರಿಸೋಕಲ್ಲ. ವೈಪರ್ ಅಂತೂ ಎಲ್ಲ ಫ್ರೇಮಲ್ಲೂ ಇರುತ್ತೆ.

ಮಲೆನಾಡ_ಮೇಷ್ಟ್ರು
ತಂಗಿ, ಮೊದಲು ಯಾವ ದಿಕ್ಕಿಗೆ ಹಿಡೀಬೇಕು ಅಂತ ತೀರ್ಮಾನ ಮಾಡ್ಕೊಳ್ಳಿ, ಆಮೇಲೆ ಕ್ಯಾಮೆರಾ. ಮುಂದಿನ ಗಾಜಿನಿಂದ ಸಿಗೋದು ಡಾಂಬರು. ದೃಶ್ಯ ಇರೋದು ಪಕ್ಕದ ಕಿಟಕೀಲಿ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಕಣಿವೆ ಒಮ್ಮೆ ನಿಮ್ಮ ಕಡೆ ಬರುತ್ತೆ, ಒಮ್ಮೆ ಅಣ್ಣನ ಕಡೆ. ಅದಕ್ಕೆ ತಕ್ಕ ಹಾಗೆ ಕೈಯಲ್ಲೇ ತಿರುಗಿಸೋ ಕ್ಯಾಮೆರಾ ಬೇಕು.

ಗೋಪ್ರೋ, ಡಿಜೆಐ ಆಕ್ಷನ್ ಥರದವು ಗಟ್ಟಿ, ಮಳೇಲಿ ನೆಂದ್ರೂ ಏನಾಗಲ್ಲ. ಆದ್ರೆ ಲೆನ್ಸ್ ತೀರಾ ಅಗಲ. ಕುಂದಾದ್ರಿಯಂಥ ಬೆಟ್ಟವೂ ಹುತ್ತದಷ್ಟು ಕಾಣುತ್ತೆ. ಇನ್ನೊಂದು ವಿಷಯ, ನಿಮ್ಮಮ್ಮನಿಗೆ ಮುಖ್ಯವಾದದ್ದು: ಅವು ಕುಲುಕಾಟ ತೆಗೆಯೋದು ಸಾಫ್ಟ್‌ವೇರ್‌ನಿಂದ. ಬಿಸಿಲಲ್ಲಿ ಅದ್ಭುತ. ಮೋಡ ಕವಿದ ಕಾಡಿನ ಕತ್ತಲಲ್ಲಿ ಬೆಳಕು ಸಾಲದೆ ಶಟರ್ ಹೆಚ್ಚು ಹೊತ್ತು ತೆರೆದಿರುತ್ತೆ, ಪ್ರತಿ ಗುಂಡಿಗೂ ಎಲೆಗಳೆಲ್ಲ ಕದಡಿದ ಹಾಗಾಗುತ್ತೆ. ಚಿತ್ರ ನಿಂತಿರುತ್ತೆ, ಅದರೊಳಗಿನ ಮರ ನಡುಗುತ್ತೆ. ಹಿರಿಯರ ಕಣ್ಣಿಗೆ ಅದು ಹಿಂಸೆ.

ಡಿಜೆಐ ಓಸ್ಮೋ ಪಾಕೆಟ್ 3 ನೋಡಿ. ಅದರಲ್ಲಿ ಪುಟ್ಟ ಮೋಟಾರುಗಳು ಲೆನ್ಸನ್ನೇ ಸಮವಾಗಿ ಹಿಡಿದಿರ್ತವೆ, ಬೆಳಕು ಹಿಡಿಯೋ ಸೆನ್ಸರ್ 1 ಇಂಚಿಂದು, ಆಕ್ಷನ್ ಕ್ಯಾಮೆರಾಗಿಂತ ದೊಡ್ಡದು. ಮಬ್ಬಿನಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತೆ. ಬಜೆಟ್ ಸ್ವಲ್ಪ ಮೀರಬಹುದು, ಆದ್ರೂ ನನ್ನ ಮತ ಇದಕ್ಕೇ. ನೀರು ತಡೆಯಲ್ಲ, ಮಳೆ ಬಂದ ತಕ್ಷಣ ಕಿಟಕಿ ಏರಿಸಿ. ಕೈ ಹೊರಗೆ ಚಾಚಬೇಡಿ, ತಿರುವಲ್ಲಿ ಎದುರು ಬಸ್ಸು ಬರ್ತವೆ.

ಎಸಿ ಕಾರಿಂದ ಹೊರಗೆ ತೆಗೆದ ಕೂಡಲೇ ಲೆನ್ಸಿಗೆ ಆವಿ ಕಟ್ಟುತ್ತೆ. ಹಾಗಾಗಿ ಆಗುಂಬೆ ಊರು ಬರೋ ಮುಂಚೆಯೇ ಎಸಿ ಆರಿಸಿ, ಕಿಟಕಿ ಇಳಿಸಿ. ಸೂರ್ಯಾಸ್ತದ ಕಟ್ಟೆ ಹತ್ರ ಮಂಜು ಇದ್ರೆ ಬೇಸರ ಬೇಡ. ನಿಂತು ಎರಡು ನಿಮಿಷ ಅಲುಗದೆ ಹಿಡೀರಿ. ಮಂಜು ಸರಿದು ಕಣಿವೆ ಬಿಚ್ಚಿಕೊಳ್ಳೋದನ್ನ ಟೀವೀಲಿ ನೋಡೋ ಸುಖವೇ ಬೇರೆ.

ಪಡುಕಡಲು
ಹ್ವಾಯ್, ಮರವಂತೆ ಬಗ್ಗೆ ಒಂದು ಮಾತು. ಕುಂದಾಪುರದಿಂದ ಬೈಂದೂರು ಕಡೆ ಹೋಗುವಾಗ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ನಿಮ್ಮ ಸೀಟು ಎಡಗಡೆ, ಹಾಗಾಗಿ ಹೋಗುವಾಗ ಕಡಲು ಹಿಡೀರಿ, ತಿರುಗಿ ಬರುವಾಗ ಹೊಳೆ ತಾನಾಗೇ ನಿಮ್ಮ ಕಿಟಕಿಗೆ ಬರ್ತದೆ. ಸಂಜೆ ಹೋದ್ರೆ ಸೂರ್ಯ ನೇರ ಲೆನ್ಸಿಗೇ ಹೊಡೀತಾನೆ, ಬೆಳಿಗ್ಗೆ ಹೋಗಿ. ಗಾಳಿ ಸದ್ದು ಜೋರು, ಮೈಕಿಗೆ ಹಾಕುವ ತುಪ್ಪಳದ ಟೊಪ್ಪಿ ಮರೀಬೇಡಿ.

ಹೆಬ್ರಿ_ಮೊಮ್ಮಗಳು
ಮೇಷ್ಟ್ರೇ, ಎಲೆ ನಡುಗೋ ವಿಷಯ ಯಾರೂ ಹೇಳಿರಲಿಲ್ಲ. ಪಾಕೆಟ್ 3 ಅಂತ ತೀರ್ಮಾನ ಮಾಡಿದೆ. ಮಳೆ ಹೊತ್ತಿಗೆ ಅಣ್ಣನ ಫೋನ್ ಇದ್ದೇ ಇದೆ. ಕಾರ್ಡ್ ಎಷ್ಟು ಜಿಬಿ ಬೇಕು?

ಮಲೆನಾಡ_ಮೇಷ್ಟ್ರು
ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ ಸುಮಾರು 45 ಜಿಬಿ ಹೋಗುತ್ತೆ. ವಿ30 ಗುರುತಿನ (ಅದು ಬರೆಯೋ ವೇಗದ ಗುರುತು) 256 ಜಿಬಿ ಕಾರ್ಡ್ ತಗೊಳ್ಳಿ. 4ಕೆ, 30 ಫ್ರೇಮ್ ಸಾಕು. ಹೊರಡೋ ಮುಂಚೆ ನಿಮ್ಮ ಬೀದೀನೇ ಒಂದು ನಿಮಿಷ ತೆಗೆದು, ಪೆನ್‌ಡ್ರೈವಿಗೆ ಹಾಕಿ ಅಮ್ಮನ ಟೀವೀಲಿ ಓಡಿಸಿ ನೋಡಿ. ಹಳೇ ಟೀವಿಗಳು ಎಷ್ಟೋ ಸಲ ಎಚ್.265 ಅನ್ನೋ ಹೊಸ ಬಗೆಯ ವಿಡಿಯೋ ಫೈಲ್ ತೆರೆಯಲ್ಲ. ಹಾಗಾದ್ರೆ ಹಳೇ ಬಗೆಯ ಎಚ್.264ಗೆ ಬದಲಿಸಿ ಕೊಡಬೇಕಾಗುತ್ತೆ.